ಕ್ಯಾಲೆಂಡರಿನ ಬುಡದ ಹೆಸರು

(ತಿಳಿವಳಿಕೆ ಮತ್ತು ವ್ಯಾಪಾರದ ನಂಟು ಕುರಿತ ಉಪನ್ಯಾಸದ ಬರಹ ರೂಪ)



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೊಸ ವರ್ಷ ಎರಡು ಸಲ ಬರುತ್ತದೆ. ಯುಗಾದಿಗೆ ಬರುವುದು ಪಂಚಾಂಗದ ಹೊಸ ವರ್ಷ. ಜನವರಿಗೆ ಬರುವುದು ಕ್ಯಾಲೆಂಡರಿನ ಹೊಸ ವರ್ಷ. ಡಿಸೆಂಬರ್ ಕೊನೆಯ ವಾರ ಪೇಟೆಗೆ ಹೋದವರು ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಚಿನ್ನಬೆಳ್ಳಿ ಅಂಗಡಿ, ಸಹಕಾರ ಸಂಘ ಎಲ್ಲಿಗೆ ಹೋದರೂ ಕೇಳುವ ಪ್ರಶ್ನೆ ಒಂದೇ: "ಈ ಸಲದ ಕ್ಯಾಲೆಂಡರ್ ಬಂತಾ ಅಣ್ಣ?" ಅಂಗಡಿಯಲ್ಲಿ ಸಾಲ ಬಾಕಿ ಇರುವವರೂ ಸಂಕೋಚವಿಲ್ಲದೆ ಕೇಳುತ್ತಾರೆ. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಆ ಕಾಗದವನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಮುದುಡದ ಹಾಗೆ ಎತ್ತಿ ಹಿಡಿದು ಊರಿಗೆ ತರುತ್ತಾರೆ.

ಮೊಳೆಗೆ ನೇತುಬಿದ್ದ ಮೇಲೆ ಅದು ಒಂದು ವರ್ಷ ಮನೆಯ ಲೆಕ್ಕದ ಪುಸ್ತಕ. ಡೇರಿಗೆ ಹಾಕಿದ ಹಾಲಿನ ಲೀಟರು, ಗ್ಯಾಸ್ ಸಿಲಿಂಡರ್ ಬಂದ ದಿನ, ಹಸುವಿಗೆ ಗರ್ಭಧಾರಣೆ ಮಾಡಿಸಿದ ತಾರೀಖು, ಸ್ತ್ರೀಶಕ್ತಿ ಸಂಘದ ಕಂತು, ಮಗುವಿನ ಲಸಿಕೆ, ಸಾಲ ಕೊಟ್ಟವನ ಹೆಸರು, ಎಲ್ಲವೂ ಆ ಚೌಕಗಳೊಳಗೆ ಪೆನ್ಸಿಲಿನಲ್ಲಿ ಬೀಳುತ್ತವೆ. ಬುಡದಲ್ಲಿ, ನಾಲ್ಕು ಬೆರಳಿನ ಅಗಲದ ಪಟ್ಟಿಯಲ್ಲಿ, ಅಂಗಡಿಯ ಹೆಸರು ಹನ್ನೆರಡು ತಿಂಗಳೂ ಸುಮ್ಮನೆ ನಿಂತಿರುತ್ತದೆ. ಅದನ್ನು ಯಾರೂ ಕತ್ತರಿಸಿ ಎಸೆಯುವುದಿಲ್ಲ.

ಈಗ ಅದೇ ಮನೆಯ ಮೊಬೈಲ್ ಫೋನನ್ನು ನೋಡೋಣ. ಬೆಳಗಾಗುವಷ್ಟರಲ್ಲಿ ಅದಕ್ಕೆ ಹತ್ತಾರು ಸಂದೇಶ ಬಂದಿರುತ್ತವೆ. ಸಾಲ ಬೇಕೆ, ವಿಮೆ ಬೇಕೆ, ನಿವೇಶನ ಬೇಕೆ, ರಿಯಾಯಿತಿ ಇಂದೇ ಕೊನೆ ಎಂಬ ಕೂಗು. ಓದು ಬಲ್ಲ ಮಕ್ಕಳ ಇಮೇಲ್ ಪೆಟ್ಟಿಗೆಯ ಪಾಡೂ ಇಷ್ಟೆ. ಇವನ್ನು ತೆರೆದು ನೋಡುವವರಿಲ್ಲ, ಹೆಬ್ಬೆರಳಿನಲ್ಲಿ ಅಳಿಸುವವರೇ ಹೆಚ್ಚು. ಕ್ಯಾಲೆಂಡರು ಕಳಿಸಿದವನೂ ವ್ಯಾಪಾರಿ, ಸಂದೇಶ ಕಳಿಸಿದವನೂ ವ್ಯಾಪಾರಿ. ಇಬ್ಬರಿಗೂ ಬೇಕಾದದ್ದು ಗಿರಾಕಿ. ಒಬ್ಬನಿಗೆ ಗೋಡೆ ಸಿಕ್ಕಿತು, ಇನ್ನೊಬ್ಬನಿಗೆ ಕಸದ ಬುಟ್ಟಿ ಸಿಕ್ಕಿತು. ಈ ವ್ಯತ್ಯಾಸ ಏಕೆ ಎಂಬುದೇ ಇಂದಿನ ವಿಷಯ. ತಿಳಿವಳಿಕೆ ಎಷ್ಟು, ಮಾರಾಟದ ಮಾತು ಎಷ್ಟು ಎಂದು ತೂಗುವ ಕೆಲಸ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಈ ಸೀಮೆಯ ಗೋಡೆ, ಗದ್ದೆ ಮತ್ತು ಜಾತ್ರೆಗಳಲ್ಲಿ ಅದಕ್ಕೆ ಹಳೆಯ ಚರಿತ್ರೆಯಿದೆ.

ಪಂಚಾಂಗ ಕೇಳುವ ದಿನ

ಕ್ಯಾಲೆಂಡರಿಗಿಂತ ಮೊದಲು ಪಂಚಾಂಗವಿತ್ತು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನು ಹೇಳುವುದರಿಂದ ಅದಕ್ಕೆ ಆ ಹೆಸರು. ಯುಗಾದಿಯ ದಿನ ದೇವಸ್ಥಾನದಲ್ಲಿಯೋ ಊರ ಚಾವಡಿಯಲ್ಲಿಯೋ ಪುರೋಹಿತರು ಪಂಚಾಂಗ ಓದುವುದು, ಊರವರು ಕೂತು ಕೇಳುವುದು ಹಳೆ ಮೈಸೂರು ಸೀಮೆಯ ಪದ್ಧತಿ. ಆ ವರ್ಷದ ಮಳೆ ಬೆಳೆ ಹೇಗೆ ಎಂಬ ಭಾಗ ಬಂದಾಗ ಸಭೆ ಮೈಯೆಲ್ಲ ಕಿವಿಯಾಗುತ್ತಿತ್ತು. ಇದರ ಬೆನ್ನಿಗೇ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆಯ ಶಾಸ್ತ್ರ ನಡೆಯುತ್ತಿತ್ತು.

ರೈತನಿಗೆ ಪಂಚಾಂಗದಲ್ಲಿ ಮುಖ್ಯವಾಗಿ ಬೇಕಾದದ್ದು ಮಳೆ ನಕ್ಷತ್ರ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಹಾದುಹೋಗುತ್ತಾನೆ ಎಂಬ ಲೆಕ್ಕದಲ್ಲಿ ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ ಬರುತ್ತದೆ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಆಮೇಲೆ ರೋಹಿಣಿ, ಮೃಗಶಿರ, ಜೂನ್ ಮೂರನೇ ವಾರ ಕಳೆಯುವಾಗ ಆರಿದ್ರೆ. ಇದು ಸೌರಮಾನದ ಲೆಕ್ಕವಾದ್ದರಿಂದ ತಾರೀಖುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುವುದಿಲ್ಲ. ಹೀಗಾಗಿ ಅಕ್ಷರ ಬಾರದವನಿಗೂ ಇದು ಬಾಯಿಪಾಠದ ಬಿತ್ತನೆ ಪಟ್ಟಿಯಾಯಿತು. ಮಳೆ ನಂಬಿ ರಾಗಿ ಬಿತ್ತುವ ನಾಗಮಂಗಲದ ಬೆದ್ದಲು ಹೊಲದವನಿಗೆ ಪುನರ್ವಸು, ಪುಷ್ಯ ಮಳೆಗಳ ಹೆಸರು ಮನೆಯವರ ಹೆಸರಿನಷ್ಟೇ ಪರಿಚಿತ. ವಿರಿಜಾ ನಾಲೆ, ಚಿಕ್ಕದೇವರಾಜಸಾಗರ ನಾಲೆಗಳ ಕೆಳಗೆ ಬಹಳ ಹಿಂದಿನಿಂದ ಭತ್ತ ಬೆಳೆದ ಶ್ರೀರಂಗಪಟ್ಟಣದವನಿಗೆ ನಾಲೆಗೆ ನೀರು ಬಿಡುವ ದಿನವೇ ನಕ್ಷತ್ರ.

ಪಂಚಾಂಗ ಓದಿದವರಿಗೆ ಅಕ್ಕಿ, ಕಾಯಿ, ದಕ್ಷಿಣೆ ಸಲ್ಲುತ್ತಿತ್ತು. ಅಂದರೆ ಆ ತಿಳಿವಳಿಕೆಯೂ ಪುಕ್ಕಟೆಯದಲ್ಲ. ಆದರೆ ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ಕೊಡುವವನಿಗೆ ಸ್ಪಷ್ಟವಿತ್ತು. ಈ ಸ್ಪಷ್ಟತೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಗೊಂದಲವಾಗುವುದು ಇಲ್ಲಿಯೇ.

ಅಚ್ಚಿನ ಮನೆಯ ಕೊಡುಗೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಣ್ಣದ ಕಲ್ಲಚ್ಚು ಬಂದಿತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಆರಂಭಿಸಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ಅಗ್ಗದ ಬೆಲೆಗೆ ಊರೂರಿಗೆ ಹರಡಿದವು. ಅದುವರೆಗೆ ಗುಡಿಯಲ್ಲಿ ಮಾತ್ರ ಕಾಣುತ್ತಿದ್ದ ದೇವರು ಮನೆಯ ಗೋಡೆಗೆ ಬಂದರು. ಆ ಚಿತ್ರಗಳ ಕೆಳಗೆ ಸಾಬೂನು, ಮಕ್ಕಳ ಆಹಾರ, ಔಷಧಗಳ ಹೆಸರು ಹಾಕಿಸಿ ಹಂಚಿದರೆ ಜನ ಪೂಜ್ಯಭಾವದಿಂದ ಗೋಡೆಗೆ ತೂಗುಹಾಕುತ್ತಾರೆ ಎಂಬುದನ್ನು ಕಂಪನಿಗಳು ಬೇಗನೆ ಕಂಡುಕೊಂಡವು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಗೆ ಹೋಗಿ ಸಿನಿಮಾ ಪ್ರಚಾರ ಚಿತ್ರ ಮತ್ತು ಕ್ಯಾಲೆಂಡರ್ ಚಿತ್ರಗಳ ದೊಡ್ಡ ಕಲಾವಿದರಾದದ್ದು ಇದೇ ಪರಂಪರೆಯಲ್ಲಿ.

ಮೈಸೂರು ಸಂಸ್ಥಾನದಲ್ಲಿ ಈ ಕಥೆಗೆ ಇನ್ನೊಂದು ಎಳೆಯಿದೆ. ಕನ್ನಂಬಾಡಿ ಕಟ್ಟೆಯೊಂದಿಗೆ ಈ ಸೀಮೆ ನೆನೆಯುವ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಬೆಂಗಳೂರು ಪ್ರೆಸ್ ಸ್ಥಾಪನೆಯಾಯಿತು. ಆ ಮುದ್ರಣಾಲಯದ ಕ್ಯಾಲೆಂಡರು ಹಳೆ ಮೈಸೂರಿನ ಕಚೇರಿ ಮತ್ತು ಮನೆಗಳಲ್ಲಿ ತಲೆಮಾರುಗಳ ಕಾಲ ನೆಲೆಯಾಯಿತು. ಅದರಲ್ಲಿ ದೇವರ ಚಿತ್ರದ ವೈಭವವಿಲ್ಲ. ದಪ್ಪ ಅಂಕಿ, ತಿಥಿ ನಕ್ಷತ್ರ, ಹಬ್ಬ, ರಜಾದಿನ, ಇಷ್ಟೆ. ಜನ ಅದನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ ಜಯಂತರಾವ್ ಸಾಳಗಾಂವ್ಕರ್ 1973ರಲ್ಲಿ ಆರಂಭಿಸಿದ ಕಾಲನಿರ್ಣಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎದುರು ಪುಟದಲ್ಲಿ ಪಂಚಾಂಗ, ಹಿಂಬದಿಯಲ್ಲಿ ಅಡುಗೆ, ಆರೋಗ್ಯದ ಬರಹ, ಜೊತೆಗೆ ಜಾಹೀರಾತು. ಇದು ಕನ್ನಡಕ್ಕೂ ಬಂದಿತು. ಜಾಹೀರಾತಿದ್ದರೂ ಜನ ಹಣ ಕೊಟ್ಟು ಕೊಳ್ಳುತ್ತಾರೆ ಎಂದರೆ ಉಳಿದ ಸರಕಿಗೆ ಅಷ್ಟು ಬೆಲೆ ಇದೆ ಎಂದೇ ಅರ್ಥ.

ಪೇಟೆಯ ಅಂಗಡಿಯವರು ಹಂಚುವ ಕ್ಯಾಲೆಂಡರು ಬಹುಮಟ್ಟಿಗೆ ತಮಿಳುನಾಡಿನ ಶಿವಕಾಶಿಯ ಸರಕು. ಅಲ್ಲಿ ಒಂದೇ ಚಿತ್ರವನ್ನು ಸಾವಿರಗಟ್ಟಲೆ ಮುದ್ರಿಸಿ ಬುಡದ ಪಟ್ಟಿಯನ್ನು ಖಾಲಿ ಬಿಡುತ್ತಾರೆ. ಅಂಗಡಿಯವನು ಮಾದರಿ ಪುಸ್ತಕ ನೋಡಿ ಆರಿಸಿದ ಮೇಲೆ ಆ ಖಾಲಿ ಜಾಗದಲ್ಲಿ ಅವನ ಹೆಸರು, ವಿಳಾಸ, ಫೋನ್ ಸಂಖ್ಯೆ ಬೀಳುತ್ತದೆ. ಹೀಗೆ ಕೆ.ಆರ್. ಪೇಟೆಯ ಬಟ್ಟೆ ಅಂಗಡಿಯ ಲಕ್ಷ್ಮಿಯೂ ನಾಗಮಂಗಲದ ಪಾತ್ರೆ ಅಂಗಡಿಯ ಲಕ್ಷ್ಮಿಯೂ ಒಬ್ಬಳೇ ಆಗಿರುವುದುಂಟು.

ಈ ಖಾಲಿ ಪಟ್ಟಿಯ ಏರ್ಪಾಡಿನಲ್ಲಿ ಇಡೀ ವಿಷಯದ ಗುಟ್ಟಿದೆ. ವ್ಯಾಪಾರಕ್ಕೆ ಒಂದು ಜಾಗ ನಿಗದಿಯಾಗಿದೆ. ಅದು ಎಲ್ಲರಿಗೂ ಕಾಣುತ್ತದೆ, ಆದರೆ ತನ್ನ ಗಡಿ ದಾಟುವುದಿಲ್ಲ. ಕತ್ತರಿಯಲ್ಲಿ ಆ ಪಟ್ಟಿಯನ್ನು ಕತ್ತರಿಸಿ ತೆಗೆದರೂ ಉಳಿದ ಕಾಗದ ವರ್ಷವಿಡೀ ಕೆಲಸಕ್ಕೆ ಬರುತ್ತದೆ. ತಿಥಿ ಬದಲಾಗುವುದಿಲ್ಲ, ಅಮಾವಾಸ್ಯೆ ಮುಂದೆ ಹೋಗುವುದಿಲ್ಲ. ಅಕ್ಷಯ ತೃತೀಯಕ್ಕೆ ಚಿನ್ನ ಮಾರುವ ಅಂಗಡಿಯವನು ತನ್ನ ಲಾಭಕ್ಕೆಂದು ವರ್ಷಕ್ಕೆ ಮೂರು ಅಕ್ಷಯ ತೃತೀಯ ಅಚ್ಚು ಹಾಕಿಸಲಾರ. ಹಾಗೆ ಹಾಕಿಸಿದ ದಿನ ಅವನ ಕ್ಯಾಲೆಂಡರು ಗೋಡೆಯಿಂದ ಇಳಿಯುತ್ತದೆ. ತಿಳಿವಳಿಕೆ ಮತ್ತು ಮಾರಾಟದ ಸಮತೋಲ ಅಳೆಯಲು ಇದಕ್ಕಿಂತ ಸರಳವಾದ ಪರೀಕ್ಷೆ ಇರಲಾರದು: ಮಾರುವವನ ಹೆಸರನ್ನು ತೆಗೆದ ಮೇಲೆ ಉಳಿದದ್ದು ಉಪಯೋಗಕ್ಕೆ ಬರುತ್ತದೆಯೇ?

ನೇಗಿಲು ಮತ್ತು ಟೈರು

ಈ ಗುಟ್ಟನ್ನು ಹೊರಗಿನ ಜಗತ್ತಿನಲ್ಲಿ ಮೊದಲೇ ಅರಿತ ಎರಡು ಕಂಪನಿಗಳನ್ನು ಹೆಸರಿಸಬಹುದು. ಅಮೆರಿಕದಲ್ಲಿ ನೇಗಿಲು ತಯಾರಿಸುತ್ತಿದ್ದ ಜಾನ್ ಡೀರ್ ಕಂಪನಿ 1895ರಲ್ಲಿ 'ದಿ ಫರೋ' ಎಂಬ ಪತ್ರಿಕೆ ಆರಂಭಿಸಿತು. ಫರೋ ಎಂದರೆ ನೇಗಿಲ ಸಾಲು. ಬೇಸಾಯದ ವಿಷಯವೇ ಅದರ ತಿರುಳು. ಒಂದೂಕಾಲು ಶತಮಾನ ದಾಟಿದ ಮೇಲೂ ಅದು ನಡೆಯುತ್ತಿದೆ. ಓದುಗನ ಹೊಲ ಚೆನ್ನಾದರೆ ಇಂದಲ್ಲ ನಾಳೆ ಅವನಿಗೆ ಒಳ್ಳೆಯ ನೇಗಿಲು ಬೇಕಾಗುತ್ತದೆ ಎಂಬ ತಾಳ್ಮೆಯ ಲೆಕ್ಕ ಅದು.

ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1900ರಲ್ಲಿ ಮೋಟಾರು ಪ್ರಯಾಣಿಕರಿಗೆ ಒಂದು ಕೈಪಿಡಿ ಹಂಚಿತು. ಟೈರು ಬದಲಿಸುವುದು ಹೇಗೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ, ಯಾವ ಊರಿನಲ್ಲಿ ತಂಗಬಹುದು ಎಂಬ ವಿವರ. ಜನ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬುದು ಒಳಗಿನ ಲೆಕ್ಕ. ಇಪ್ಪತ್ತು ವರ್ಷ ಪುಕ್ಕಟೆ ಹಂಚಿದ ಮೇಲೆ, ಅಂಗಡಿಯೊಂದರಲ್ಲಿ ಆ ಪುಸ್ತಕಗಳನ್ನು ಮೇಜಿನ ಕಾಲಿಗೆ ಆಸರೆಯಾಗಿ ಇಟ್ಟದ್ದನ್ನು ಮಾಲೀಕ ಕಂಡನಂತೆ. ಇದು ಕಂಪನಿಯವರೇ ಹೇಳಿಕೊಳ್ಳುವ ಕಥೆ. 1920ರಲ್ಲಿ ಅದಕ್ಕೆ ಬೆಲೆ ಇಟ್ಟು, ಒಳಗಿದ್ದ ಜಾಹೀರಾತುಗಳನ್ನು ತೆಗೆದುಹಾಕಿದರು. ಊಟದ ಮನೆಗಳಿಗೆ ಅದು ಕೊಡುವ ನಕ್ಷತ್ರಗಳು ಇಂದು ಜಗತ್ಪ್ರಸಿದ್ಧ. ನಕ್ಷತ್ರವನ್ನು ಟೈರು ಕೊಂಡವನಿಗೆ ಕೊಡುತ್ತಿದ್ದರೆ ಅದಕ್ಕೆ ಮೂರು ಕಾಸಿನ ಕಿಮ್ಮತ್ತೂ ಇರುತ್ತಿರಲಿಲ್ಲ.

ನಾಲೆ ಬಂದ ಮೇಲೆ

ತಿರುಗಿ ಮಂಡ್ಯದ ನೆಲಕ್ಕೆ ಬರೋಣ. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕಟ್ಟೆಯ ಕೆಲಸ 1930ರ ದಶಕದ ಆರಂಭಕ್ಕೆ ಮುಗಿದು, ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ರಾಗಿ ಬೆಳೆಯುತ್ತಿದ್ದವರು ಇದ್ದಕ್ಕಿದ್ದ ಹಾಗೆ ಭತ್ತ, ಕಬ್ಬು ಬೆಳೆಯುವವರಾಗಬೇಕಾಯಿತು. ನೀರು ಕಟ್ಟುವುದು ಹೇಗೆ, ಕಬ್ಬಿನ ಬಿತ್ತನೆ ತುಂಡು ಎಂಥದು, ಗೊಬ್ಬರ ಎಷ್ಟು ಎಂಬುದು ತಾತ ಮುತ್ತಾತಂದಿರ ಬಾಯಿಪಾಠದಲ್ಲಿ ಇರಲಿಲ್ಲ. ಯಾರಾದರೂ ಹೊಸದಾಗಿ ಹೇಳಿಕೊಡಬೇಕಿತ್ತು.

ಹೇಳಿಕೊಟ್ಟವರಲ್ಲಿ ಮೊದಲ ಹೆಸರು ಲೆಸ್ಲಿ ಕೋಲ್ಮನ್ ಅವರದು. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರಿಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಅವರು ಬಳಕೆಗೆ ತಂದ ಉಪಾಯ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಯಾವ ಕಂಪನಿಯ ಹೆಸರೂ ಅದಕ್ಕೆ ಬೇಡ, ಅಳತೆ ತಿಳಿದರೆ ಬೆಳೆಗಾರನೇ ಬೆರೆಸಿಕೊಳ್ಳಬಹುದು. ಇದು ಒಂದು ಬಗೆಯ ತಿಳಿವಳಿಕೆ. ಕೋಲ್ಮನ್ನರ ಮುತುವರ್ಜಿಯಿಂದಲೇ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಗೆ ಕಬ್ಬು ಬೇಕು, ಕಬ್ಬಿಗೆ ರೈತ ಬೇಕು. ಹಾಗಾಗಿ ಕಬ್ಬು ಬೆಳೆಯುವ ಬಗೆಯನ್ನು ರೈತನಿಗೆ ಕಲಿಸುವುದು ಕಾರ್ಖಾನೆಯ ಸ್ವಾರ್ಥವೂ ಆಯಿತು. ಪಾಂಡವಪುರದಲ್ಲಿ ಮುಂದೆ ಸಹಕಾರಿ ಸಕ್ಕರೆ ಕಾರ್ಖಾನೆ ಬಂದಾಗಲೂ ಈ ನಂಟು ಹಾಗೆಯೇ ಉಳಿಯಿತು. ಇದು ಎರಡನೆಯ ಬಗೆ.

ಎರಡನೆಯದನ್ನು ಹಳಿಯಬೇಕಾಗಿಲ್ಲ. ಇಬ್ಬರ ಹಿತವೂ ಒಂದೇ ದಾರಿಯಲ್ಲಿರುವಷ್ಟು ದೂರ ಅದು ಒಳ್ಳೆಯ ಜೊತೆ. ಕಬ್ಬಿನ ತೂಕ ಹೆಚ್ಚುವ ಬಗೆಯನ್ನು ಕಾರ್ಖಾನೆಯ ಸಿಬ್ಬಂದಿ ಮನಸ್ಸಿಟ್ಟು ಹೇಳಿಯಾರು. ಈ ವರ್ಷ ಕಬ್ಬು ಬೇಡ, ದರ ಬಿದ್ದೀತು, ಬೇರೆ ಬೆಳೆ ಹಾಕಿ ಎಂದು ಹೇಳುವುದು ಅವರ ಕೆಲಸವಲ್ಲ. ರೈತ ಆ ಮಾತನ್ನು ಇನ್ನೊಂದು ಕಡೆಯಿಂದ ಕೇಳಿಕೊಳ್ಳಬೇಕು.

ಏನನ್ನೂ ಮಾರದ ಸಲಹೆ

ಹೈಬ್ರಿಡ್ ಬೀಜ, ರಾಸಾಯನಿಕ ಗೊಬ್ಬರ, ಕ್ರಿಮಿನಾಶಕಗಳ ಕಾಲ ಬಂದ ಮೇಲೆ ಸಲಹೆಯ ಪೀಠ ಪೇಟೆಯ ಅಂಗಡಿಗೆ ಬದಲಾಯಿತು. ಗದ್ದೆಯಿಂದ ಕಿತ್ತ ರೋಗದ ಪೈರನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ "ಇದಕ್ಕೇನು ಹೊಡೆಯಬೇಕು ಸ್ವಾಮಿ?" ಎಂದು ಕೇಳುವುದು ಈಗ ಎಲ್ಲೆಲ್ಲೂ ಕಾಣುವ ನೋಟ. 2003ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಇದು ಗೊತ್ತಾಯಿತು. ಹೊಸ ಬೇಸಾಯದ ವಿಷಯ ತಿಳಿಯಲು ದೇಶದ ರೈತ ಕುಟುಂಬಗಳು ಮೊದಲು ಆಶ್ರಯಿಸುವುದು ಪ್ರಗತಿಪರ ರೈತರನ್ನು. ಅವರ ನಂತರದ ಸ್ಥಾನ ಬೀಜ ಗೊಬ್ಬರ ಮಾರುವವರದು, ನೂರಕ್ಕೆ ಸುಮಾರು 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರ ಪಾಲು ಅದರ ಅರ್ಧಕ್ಕಿಂತ ಕಡಿಮೆ.

ಅಂಗಡಿಯವನು ಕೆಟ್ಟವನೆಂದು ಇದರ ಅರ್ಥವಲ್ಲ. ರಾತ್ರಿ ಎಂಟಕ್ಕೂ ಅಂಗಡಿ ತೆರೆದಿರುತ್ತದೆ, ಸಾಲವೂ ಸಿಗುತ್ತದೆ, ಮಾತಿಗೆ ಮನುಷ್ಯನೂ ಸಿಗುತ್ತಾನೆ. ತೊಡಕು ಬೇರೆಡೆ ಇದೆ. ಭತ್ತದ ಕಂದು ಜಿಗಿಹುಳುವಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಈ ಹುಳು ಪೈರಿನ ಬುಡದಲ್ಲಿ ಕೂತು ರಸ ಹೀರಿ ಗದ್ದೆಯನ್ನು ಅಲ್ಲಲ್ಲಿ ಸುಟ್ಟ ಹಾಗೆ ಮಾಡುತ್ತದೆ. ಯೂರಿಯಾ ಅತಿಯಾದರೆ ಇದಕ್ಕೆ ಹಬ್ಬ. ಸಿಕ್ಕಿದ ಔಷಧವನ್ನೆಲ್ಲ ಹೊಡೆದರೆ ಇದನ್ನು ತಿನ್ನುವ ಜೇಡಗಳೂ ಸತ್ತು, ಸ್ವಲ್ಪ ದಿನಕ್ಕೆ ಹುಳು ಮೊದಲಿಗಿಂತ ಹೆಚ್ಚಾಗಿ ತಿರುಗಿ ಬರುತ್ತದೆ. ಕೃಷಿ ವಿಜ್ಞಾನಿಗಳು ಮೊದಲು ಹೇಳುವ ಕ್ರಮ ಹೀಗಿದೆ: ಯೂರಿಯಾ ಮಿತವಾಗಿ ಕಂತಿನಲ್ಲಿ ಕೊಡಿ, ನಾಟಿ ಮಾಡುವಾಗ ಎರಡು ಮೂರು ಮೀಟರಿಗೊಮ್ಮೆ ಒಂದಡಿ ಸಾಲು ಬಿಟ್ಟು ಗಾಳಿ ಬೆಳಕು ಆಡಲು ಬಿಡಿ, ಹುಳು ಕಂಡರೆ ಗದ್ದೆಯ ನೀರು ಬಸಿಯಿರಿ. ಔಷಧ ಹುಳುವಿನ ಸಂಖ್ಯೆ ಮಿತಿ ಮೀರಿದ ಮೇಲೆ.

ಈ ಮೊದಲ ಮೂರು ಮಾತುಗಳಲ್ಲಿ ಮಾರಾಟವಾಗುವ ವಸ್ತು ಒಂದೂ ಇಲ್ಲ. ಯೂರಿಯಾ ಕಡಿಮೆ ಮಾಡಿ ಎಂಬ ಮಾತಿನಿಂದ ಅಂಗಡಿಯವನಿಗೆ ನಷ್ಟವೇ. ಸಲಹೆಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ತನಗೆ ನಷ್ಟವಾಗುವ ಮಾತನ್ನೂ ಗಿರಾಕಿಗೆ ಹೇಳುವ ಅಂಗಡಿಯವನು ಸಲಹೆಗಾರ. ಎಲ್ಲ ಪ್ರಶ್ನೆಗೂ ಒಂದು ಡಬ್ಬವನ್ನೇ ಉತ್ತರವಾಗಿ ಇಳಿಸುವವನು ವ್ಯಾಪಾರಿ. ಎರಡನೆಯವನನ್ನು ಮೊದಲನೆಯವನೆಂದು ನಂಬಿದಾಗ ರೈತನ ಗದ್ದೆ, ಸಾಲ, ಆರೋಗ್ಯ ಮೂರೂ ಪಣಕ್ಕೆ ಬೀಳುತ್ತವೆ.

ಇದಕ್ಕೆ ಸಮಾಜ ಎರಡು ಬಗೆಯ ಮದ್ದು ಹುಡುಕಿದೆ. ಒಂದು, ಕಾನೂನು. 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಡಬ್ಬದ ಮೇಲೆ ವಿಷದ ಪ್ರಮಾಣ ಹೇಳುವ ಬಣ್ಣದ ತ್ರಿಕೋನ ಇರಲೇಬೇಕು. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಬಳಸುವ ಬಗೆ, ಎಚ್ಚರಿಕೆಗಳ ಚೀಟಿಯನ್ನು ಪ್ರಾದೇಶಿಕ ಭಾಷೆಯಲ್ಲೂ ಒಳಗಿಡಬೇಕು. ಮಾರುವವನ ವಸ್ತುವಿನ ಮೇಲೆಯೇ ಮಾರಾಟಕ್ಕೆ ತೊಡಕಾಗಬಹುದಾದ ಮಾತನ್ನು ಕಡ್ಡಾಯವಾಗಿ ಅಂಟಿಸಿದ ವ್ಯವಸ್ಥೆ ಇದು. ಅಕ್ಷರ ಎಷ್ಟು ಸಣ್ಣದು ಎಂಬ ದೂರು ಬೇರೆ. ಎರಡು, ತರಬೇತಿ. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ 'ಮ್ಯಾನೇಜ್' 2003ರಲ್ಲಿ ಬೀಜ ಗೊಬ್ಬರದ ವ್ಯಾಪಾರಿಗಳಿಗೆಂದೇ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಜನ ಹೇಗೂ ಅಂಗಡಿಯವನನ್ನು ಕೇಳುತ್ತಾರೆ, ಅವನಿಗೆ ಸರಿಯಾದ ಉತ್ತರವಾದರೂ ತಿಳಿದಿರಲಿ ಎಂಬುದು ಇದರ ಹಿಂದಿನ ವಿಚಾರ.

ಗೆರೆ ಎಳೆದವರು

ಸಲಹೆಯ ವೇಷದಲ್ಲಿ ಮಾರಾಟ ಬಂದರೆ ಏನಾಗುತ್ತದೆ ಎಂಬುದನ್ನು ದೇಶ ಔಷಧದ ಜಾಹೀರಾತುಗಳಲ್ಲಿ ಮೊದಲು ಕಂಡಿತು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲವನ್ನೂ ಗುಣಪಡಿಸುವೆವೆಂಬ ಪ್ರಕಟಣೆಗಳ ಹಾವಳಿ ತಡೆಯಲು 1954ರಲ್ಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದಿತು.

ರೇಡಿಯೊ ಬೇರೆ ದಾರಿ ಹಿಡಿಯಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಖಾಸಗಿ ಬಾನುಲಿಯ ಹೆಸರು ಆಕಾಶವಾಣಿ. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಬಂದಿತು. ಆಕಾಶವಾಣಿಯ ಕೃಷಿರಂಗ ಕಾರ್ಯಕ್ರಮ ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಸಂಜೆಯ ನಿಯಮವಾಗಿತ್ತು. ವಿವಿಧ ಭಾರತಿ 1957ರಲ್ಲಿ ಆರಂಭವಾದರೂ ಅದರಲ್ಲಿ ಜಾಹೀರಾತು ಬಂದದ್ದು 1967ರಲ್ಲಿ. ಟೆಲಿವಿಷನ್ ವಾಹಿನಿಗಳು ಬಂದ ಮೇಲೆ 1994ರ ಕೇಬಲ್ ನಿಯಮಗಳು ಎರಡು ಮಾತು ಹೇಳಿದವು. ಜಾಹೀರಾತು ಯಾವುದು, ಕಾರ್ಯಕ್ರಮ ಯಾವುದು ಎಂಬುದು ನೋಡುಗನಿಗೆ ಬೇರೆಬೇರೆಯಾಗಿ ತಿಳಿಯಬೇಕು. ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಇರಬಾರದು. ಈ ಮಿತಿಯನ್ನು ಎಷ್ಟು ಪಾಲಿಸುತ್ತಾರೆ ಎಂಬುದು ನೋಡುವವರಿಗೆ ಗೊತ್ತಿದೆ. ಆದರೂ ಅಳತೆಗಿಂತ ಗೆರೆ ಮುಖ್ಯ ಎಂಬ ತತ್ವವನ್ನು ನಿಯಮ ಒಪ್ಪಿಕೊಂಡಿದೆ.

ಪತ್ರಿಕೆಗಳೂ ಈ ಪ್ರಶ್ನೆಯಿಂದ ಹೊರತಲ್ಲ. ಪತ್ರಿಕೆಯೂ ಒಂದು ಬಗೆಯ ಕ್ಯಾಲೆಂಡರೇ. ಬೇಸಿಗೆ ಕಳೆಯುವಾಗ ಮಂಡ್ಯ ಜಿಲ್ಲೆಯ ಓದುಗ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ತುಂಬಿದರೆ 124.80 ಅಡಿ. ಆ ಅಂಕಿಯ ಪಕ್ಕದಲ್ಲೇ ಸೀರೆ ಅಂಗಡಿಯ ಜಾಹೀರಾತು ಇರಬಹುದು. ಜಾಹೀರಾತಿನ ಹಣದಿಂದಲೇ ಪತ್ರಿಕೆ ಕೈಗೆಟಕುವ ಬೆಲೆಗೆ ಸಿಗುತ್ತದೆ, ಓದುಗ ಅದನ್ನು ಬಲ್ಲ. ಆದರೆ ಹಣ ಕೊಟ್ಟವನ ಪರವಾದ ಬರಹವೇ ಸುದ್ದಿಯ ಉಡುಪು ತೊಟ್ಟು ಬಂದರೆ? 'ಕಾಸಿಗಾಗಿ ಸುದ್ದಿ'ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿಯನ್ನೇ ಹೊರತರಬೇಕಾಯಿತು. ಇಲ್ಲಿಯೂ ತಪ್ಪು ಜಾಹೀರಾತಿನದಲ್ಲ, ವೇಷದ್ದು.

ಹೇಮಗಿರಿ, ಬೇಬಿ ಬೆಟ್ಟದ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಯ ವ್ಯಾಪಾರ ಮಾಡಿಸುವ ದಲ್ಲಾಳಿಯನ್ನು ಈ ದೃಷ್ಟಿಯಿಂದ ನೋಡಬೇಕು. ಅವನು ಹಲ್ಲು ಎಣಿಸಿ ವಯಸ್ಸು ಹೇಳುತ್ತಾನೆ, ಸುಳಿ ನೋಡುತ್ತಾನೆ, ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾನೆ. ಅವನ ತಿಳಿವಳಿಕೆ ದೊಡ್ಡದು. ಅವನಿಗೆ ದಲ್ಲಾಳಿ ಸಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಅದಕ್ಕೇ ಕೊಳ್ಳುವವನು ಅವನ ಮಾತನ್ನು ಕೇಳಿಯೂ, ಜೊತೆಗೆ ಬಂದ ಭಾವಮೈದನ ಕೈಯಲ್ಲಿ ಇನ್ನೊಮ್ಮೆ ಹಲ್ಲು ನೋಡಿಸುತ್ತಾನೆ. ದಲ್ಲಾಳಿ ದಲ್ಲಾಳಿಯಾಗಿಯೇ ಕಂಡರೆ ಅಪಾಯ ಕಡಿಮೆ. ಅವನು ಭಾವಮೈದನ ವೇಷ ಹಾಕಿದರೆ ಮಾತ್ರ ಎತ್ತು ಕೊಂಡವನು ಕೆಟ್ಟ.

ಅಂಗೈಯಲ್ಲಿರುವ ಗೋಡೆ

ಇಮೇಲ್ ಮೂಲಕ ಮಾರಾಟದ ಕಥೆ ಆರಂಭವಾಗುವುದು 1978ರ ಮೇ 3ರಂದು. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ತನ್ನ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಪತ್ರ ಕಳಿಸಿದ. ಯಾರೂ ಅದನ್ನು ಕೇಳಿರಲಿಲ್ಲ. ಆಕ್ಷೇಪಗಳ ಸುರಿಮಳೆಯಾಯಿತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಹಳ್ಳಿಗೆ ಅದು ಮುಟ್ಟಿದ್ದು ಮೊಬೈಲಿನ ಮೂಲಕ.

ಆ ಮೊಬೈಲಿನಲ್ಲಿ ಉಪಯುಕ್ತವಾದದ್ದೂ ಬರುತ್ತದೆ. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಆರಂಭವಾಗಿ ರೈತ ತನ್ನ ಭಾಷೆಯಲ್ಲೇ ಪ್ರಶ್ನೆ ಕೇಳುವ ಅನುಕೂಲವಾಯಿತು. 2013ರಲ್ಲಿ ಆರಂಭವಾದ ಎಂ-ಕಿಸಾನ್ ಜಾಲದಿಂದ ಹವಾಮಾನ, ಬೆಳೆ, ರೋಗಗಳ ಕಿರುಸಂದೇಶ ಕಳಿಸುವ ವ್ಯವಸ್ಥೆಯಾಯಿತು. ಆದರೆ ಮಳೆ ಮುನ್ಸೂಚನೆಯ ಸಂದೇಶವೂ ಸಾಲದ ಆಮಿಷದ ಸಂದೇಶವೂ ಒಂದೇ ಸದ್ದಿನಲ್ಲಿ, ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಹತ್ತು ಕೂಗು ಕೇಳಿ ಬೇಸತ್ತವನು ಹನ್ನೊಂದನೆಯದಾದ ಒಳ್ಳೆಯ ಮಾತನ್ನೂ ಅಳಿಸುತ್ತಾನೆ. ಅತಿಯಾದ ಮಾರಾಟದ ಮಾತಿನಿಂದ ಆಗುವ ನಿಜವಾದ ನಷ್ಟ ಇದು. ಮಾರುವವನು ತನ್ನ ಗಿರಾಕಿಯನ್ನಷ್ಟೇ ಕಳೆದುಕೊಳ್ಳುವುದಿಲ್ಲ, ಹೇಳುವವರೆಲ್ಲರ ಮೇಲಿನ ನಂಬಿಕೆಯನ್ನೂ ಸವೆಸುತ್ತಾನೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2007ರಿಂದ ಈ ಹಾವಳಿಗೆ ಕಡಿವಾಣ ಹಾಕಲು ಯತ್ನಿಸುತ್ತಿದೆ. ಬೇಡದ ವಾಣಿಜ್ಯ ಕರೆ, ಸಂದೇಶಗಳನ್ನು ತಡೆಯಲು 1909ಕ್ಕೆ ಕರೆ ಮಾಡಿ ಅಥವಾ ಸಂದೇಶ ಕಳಿಸಿ ಹೇಳಬಹುದು. 2018ರ ನಿಯಮಗಳು ಗ್ರಾಹಕನ ಒಪ್ಪಿಗೆಗೆ ಮಹತ್ವ ಕೊಟ್ಟವು. 2025ರ ತಿದ್ದುಪಡಿ ಪ್ರಕಾರ ಸಂದೇಶ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ಹಣಕಾಸಿನಂಥ ವ್ಯವಹಾರ, ಜಿ ಎಂದರೆ ಸರ್ಕಾರ. ಈ ನಾಲ್ಕು ಅಕ್ಷರಗಳನ್ನು ಮನೆಯ ಹಿರಿಯರಿಗೆ ಹೇಳಿಕೊಡುವುದು ಮಕ್ಕಳು ಮಾಡಬಹುದಾದ ಸಣ್ಣ ಉಪಕಾರ. ಹಳೆಯ ಕ್ಯಾಲೆಂಡರಿನ ಬುಡದ ಪಟ್ಟಿ ಮಾಡುತ್ತಿದ್ದ ಕೆಲಸವನ್ನೇ ಈ ಅಕ್ಷರ ಮಾಡಬೇಕೆಂಬ ಉದ್ದೇಶವಿದೆ: ಇಲ್ಲಿಂದ ವ್ಯಾಪಾರ ಎಂದು ಗೆರೆ ಎಳೆದು ತೋರಿಸುವುದು.

ಅಂಗಡಿಯವರಿಗೂ ಒಂದು ಮಾತು

ಈ ನಾಲ್ಕು ತಾಲ್ಲೂಕುಗಳ ಪೇಟೆಗಳಲ್ಲಿ ಬೆಲ್ಲ, ಕೊಬ್ಬರಿ, ನರ್ಸರಿ ಸಸಿ, ಬಟ್ಟೆ ಮಾರುವ ಹೊಸ ತಲೆಮಾರಿನವರು ಈಗ ಗಿರಾಕಿಗಳಿಗೆ ವಾಟ್ಸಾಪ್ ಮತ್ತು ಇಮೇಲ್ ಮೂಲಕ ಬರೆಯತೊಡಗಿದ್ದಾರೆ. ಅವರು ಗಮನಿಸಬೇಕಾದದ್ದೆಲ್ಲ ಅವರ ತಂದೆ ಹಂಚಿದ ಕ್ಯಾಲೆಂಡರಿನಲ್ಲೇ ಇದೆ. ಅದನ್ನು ಗಿರಾಕಿ ಕೇಳಿ ಪಡೆಯುತ್ತಿದ್ದ, ಬೇಡವಾದರೆ ಮೊಳೆಯಿಂದ ಇಳಿಸುವ ಹಕ್ಕು ಅವನದೇ ಆಗಿತ್ತು. ಅದು ವರ್ಷಕ್ಕೊಮ್ಮೆ, ಸರಿಯಾದ ಹೊತ್ತಿಗೆ ಬರುತ್ತಿತ್ತು, ದಿನಕ್ಕೆ ಮೂರು ಸಲ ಬಾಗಿಲು ಬಡಿಯುತ್ತಿರಲಿಲ್ಲ. ಕೊಟ್ಟವನ ಹೆಸರು ಬಚ್ಚಿಟ್ಟುಕೊಂಡಿರಲಿಲ್ಲ. ಹೆಚ್ಚಿನ ಜಾಗ ಮನೆಯವರದು, ಸ್ವಲ್ಪ ಜಾಗ ಅಂಗಡಿಯದು.

ಸಸಿ ಮಾರುವವನು ತೆಂಗಿನ ಗುಂಡಿ ತೆಗೆಯುವ ಕಾಲ, ಅಳತೆ ತಿಳಿಸಲಿ. ಹಳೆಯ ಮರ ಚೆನ್ನಾಗಿದ್ದರೆ ಕಡಿಯಬೇಡಿ ಎಂದೂ ತಿಳಿಸಲಿ. ಕೊನೆಗೆ ತನ್ನಲ್ಲಿ ಸಸಿ ಇದೆ, ಬೆಲೆ ಇಷ್ಟು ಎಂದು ನೇರವಾಗಿ ಹೇಳಲಿ. ಬೆಲೆ ಹೇಳಲು ನಾಚಿಕೊಳ್ಳುವುದೂ ಒಂದು ಬಗೆಯ ಮುಚ್ಚುಮರೆಯೇ. ವ್ಯಾಪಾರ ನಡೆಯದಿದ್ದರೆ ಮುಂದಿನ ವರ್ಷದ ಕ್ಯಾಲೆಂಡರು ಅಚ್ಚಾಗುವುದಿಲ್ಲ ಎಂಬುದನ್ನು ಗಿರಾಕಿಯೂ ಬಲ್ಲ.

ಓದುವವರು, ಕೇಳುವವರು ಮಾಡಬೇಕಾದದ್ದೂ ಇದೆ. ಪುಕ್ಕಟೆ ಬಂದ ಯಾವ ತಿಳಿವಳಿಕೆಗೂ ಎಲ್ಲೋ ಯಾರೋ ಹಣ ತೆತ್ತಿರುತ್ತಾರೆ. ತೆತ್ತವರು ಯಾರು, ಅವರ ಹೆಸರು ಎಲ್ಲಿದೆ ಎಂದು ಒಮ್ಮೆ ಬುಡದ ಕಡೆ ನೋಡುವ ಅಭ್ಯಾಸ ಒಳ್ಳೆಯದು. ಹೆಸರು ಕಂಡರೆ ಅದನ್ನು ತಿಳಿದುಕೊಂಡೇ ಮೇಲಿನದನ್ನು ಓದಬಹುದು. ಎಲ್ಲಿಯೂ ಹೆಸರಿಲ್ಲದೆ, ತೀರಾ ಉಪಕಾರಿಯಾಗಿ, ತೀರಾ ಅವಸರವಾಗಿ ಬಂದ ಮಾತಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಾಗೆಯೇ ನಿಲ್ಲುತ್ತಾರೆ, ಇನ್ನೊಮ್ಮೆ ಹಲ್ಲು ನೋಡಿಸುತ್ತಾರೆ.